ಸ್ಟೀರಿಯೋ ಬಾರ್: 17 ಸೆಂ.ಮೀ. ಅಳೆಯಬೇಕಾದದ್ದು ಎಲ್ಲಿಂದ ಎಲ್ಲಿಗೆ?

ಪ್ರಶ್ನೆ: ನನ್ನ ಬಳಿ ಒಂದೇ ಮಾದರಿಯ ಎರಡು ಸಣ್ಣ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಕಂಡೆನ್ಸರ್ ಮೈಕ್‌ಗಳಿವೆ, ಉದ್ದ ಸುಮಾರು 14 ಸೆಂ.ಮೀ. ಅವನ್ನು 30 ಸೆಂ.ಮೀ. ಉದ್ದದ ಸ್ಟೀರಿಯೋ ಬಾರ್‌ಗೆ ಕೂರಿಸಿ, ಬೂಮ್ ಸ್ಟ್ಯಾಂಡಿಗೆ ಹಾಕಿ, ಇಪ್ಪತ್ತು ಜನರ ವೃಂದಗಾನ ರೆಕಾರ್ಡ್ ಮಾಡಿದೆ. ಓಆರ್‌ಟಿಎಫ್ ಎಂಬ ಎರಡು ಮೈಕ್‌ಗಳ ಸ್ಟೀರಿಯೋ ವಿಧಾನದ ಬಗ್ಗೆ ಓದಿ ಕ್ಲಿಪ್‌ಗಳ ನಡುವೆ 17 ಸೆಂ.ಮೀ. ಬಿಟ್ಟು, ಮೈಕ್‌ಗಳನ್ನು 110 ಡಿಗ್ರಿಗೆ ಅಗಲಿಸಿ, ಎರಡನ್ನೂ ಕೆಳಗೆ ಬಗ್ಗಿಸಿದ್ದೆ. ವೃಂದ 6 ಮೀಟರ್ ಅಗಲಕ್ಕೆ ನಿಂತಿತ್ತು, ಸ್ಟ್ಯಾಂಡ್ ಎರಡೂವರೆ ಮೀಟರ್ ದೂರದಲ್ಲಿತ್ತು. ಕೇಳಿದರೆ ದನಿಗಳೆಲ್ಲ ಎಡ ಬಲ ಸ್ಪೀಕರ್‌ಗಳಿಗೆ ಅಂಟಿಕೊಂಡಿವೆ, ನಡುವೆ ಖಾಲಿ. ಫೋನಿನಲ್ಲಿ ಹಾಕಿದರೆ ದನಿ ತೆಳ್ಳಗೆ ಕೇಳುತ್ತದೆ. ಹಾಡು ಮುಗಿಯುವಷ್ಟರಲ್ಲಿ ಬಾರ್ ಒಂದಿಷ್ಟು ತಿರುಗಿಯೂ ಇತ್ತು. ತಪ್ಪಾದದ್ದು ಎಲ್ಲಿ? ಈ ರೆಕಾರ್ಡಿಂಗ್ ಉಳಿಸಬಹುದೇ?

ಉತ್ತರ: ಬಾರ್‌ನಲ್ಲಿ ದೋಷವಿಲ್ಲ, ನೀವು ಓದಿದ ಅಂಕಿಗಳೂ ಸರಿಯೇ. ಅಳೆದ ಜಾಗ ತಪ್ಪಾಗಿದೆ. ಓಆರ್‌ಟಿಎಫ್‌ನ 17 ಸೆಂ.ಮೀ. ಲೆಕ್ಕ ಕ್ಯಾಪ್ಸೂಲ್‌ನಿಂದ ಕ್ಯಾಪ್ಸೂಲ್‌ಗೆ, ಅಂದರೆ ಒಂದು ಮೈಕಿನ ಮೂತಿಯಿಂದ ಇನ್ನೊಂದರ ಮೂತಿಗೆ. ಮೈಕ್‌ಗಳು ಹೊರಮುಖವಾಗಿ ಅಗಲಿದಾಗ ಮೂತಿಗಳೂ ದೂರ ಸರಿಯುತ್ತವೆ. ಕ್ಲಿಪ್ ತಿರುಗುವ ಬಿಂದುವಿನಿಂದ ಮೂತಿಗೆ ಎಷ್ಟು ದೂರವಿದೆಯೋ ಅದನ್ನು 1.64ರಿಂದ ಗುಣಿಸಿ. 110 ಡಿಗ್ರಿಗೆ ಅಗಲಿಸಿದಾಗ ಹೆಚ್ಚಾಗುವ ಅಂತರ ಅಷ್ಟು. ನಿಮ್ಮ 14 ಸೆಂ.ಮೀ. ಮೈಕನ್ನು ನಡುವಿನಲ್ಲಿ ಹಿಡಿದಿದ್ದರೆ ಮೂತಿಗೆ 7 ಸೆಂ.ಮೀ., ಹೆಚ್ಚುವರಿ 11.5 ಸೆಂ.ಮೀ. ಹಾಗಾಗಿ 17 ಅಂದುಕೊಂಡ ಅಂತರ ನಿಜದಲ್ಲಿ 28.5 ಸೆಂ.ಮೀ. ಆಗಿತ್ತು.

ಹನ್ನೊಂದು ಸೆಂಟಿಮೀಟರಿಗೆ ಇಷ್ಟು ರಂಪವೇ ಅನ್ನಿಸಬಹುದು. ಪ್ರತಿಯೊಂದು ಸ್ಟೀರಿಯೋ ಜೋಡಣೆಗೂ ಒಂದು ರೆಕಾರ್ಡಿಂಗ್ ಕೋನ ಇರುತ್ತದೆ. ಆ ಕೋನದ ಒಳಗೆ ನಿಂತವರು ಎರಡು ಸ್ಪೀಕರ್‌ಗಳ ನಡುವೆ ತಮ್ಮ ತಮ್ಮ ಜಾಗದಲ್ಲಿ ಕೇಳುತ್ತಾರೆ. ಹೊರಗೆ ಉಳಿದವರೆಲ್ಲ ಆ ಬದಿಯ ಸ್ಪೀಕರಿನಲ್ಲೇ ರಾಶಿ ಬೀಳುತ್ತಾರೆ. ಮೈಕ್‌ಗಳನ್ನು ದೂರ ಇಟ್ಟಷ್ಟೂ, ಹೆಚ್ಚು ಅಗಲಿಸಿದಷ್ಟೂ ಈ ಕೋನ ಕಿರಿದಾಗುತ್ತದೆ. ಹೊಸಬರು ಇದನ್ನು ತಿರುವುಮುರುವಾಗಿ ಊಹಿಸುವುದೇ ಹೆಚ್ಚು: ಮೈಕ್ ಅಗಲಿಸಿದರೆ ಇನ್ನೂ ಅಗಲವಾದ ಗುಂಪು ಹಿಡಿಯಬಹುದು ಅಂದುಕೊಳ್ಳುತ್ತಾರೆ. ಕಾರ್ಡಿಯಾಯ್ಡ್ ಮೈಕ್‌ಗಳನ್ನು 17 ಸೆಂ.ಮೀ., 110 ಡಿಗ್ರಿಗೆ ಇಟ್ಟರೆ ರೆಕಾರ್ಡಿಂಗ್ ಕೋನ ಸುಮಾರು 96 ಡಿಗ್ರಿ. 28.5 ಸೆಂ.ಮೀ.ಗೆ ಅದು 75ರ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ದೂರದಲ್ಲಿ ಇದರ ಅರ್ಥ, ನಡುಗೆರೆಯಿಂದ ಎರಡು ಮೀಟರಿಗಿಂತ ಆಚೆ ನಿಂತವರೆಲ್ಲ ಕೋನದ ಹೊರಗೆ. ವೃಂದದ ಮೂರನೇ ಒಂದು ಪಾಲು ಎರಡು ಸ್ಪೀಕರ್‌ಗಳಲ್ಲಿ ಗುಡ್ಡೆಯಾಯಿತು, ಉಳಿದವರು ನಡುವಿನ ಜಾಗಕ್ಕೆಲ್ಲ ಎಳೆದು ಹರಡಿದಂತಾದರು. ನಿಮಗೆ ಕೇಳಿಸಿದ ಖಾಲಿ ಇದೇ.

ಆದ್ದರಿಂದ ಕೆಲಸದ ಕ್ರಮ ಬದಲಾಗಬೇಕು. ಬಾರ್ ಹೊಂದಿಸುವುದು ಕೊನೆಗೆ. ಮೊದಲು ಸ್ಟ್ಯಾಂಡ್ ಎಲ್ಲಿ ನಿಲ್ಲಬೇಕು ಎಂದು ಕಿವಿಯಿಂದ ತೀರ್ಮಾನಿಸಿ. ಹತ್ತಿರ ಹೋದರೆ ಮುಂದಿನ ಸಾಲಿನವರ ದನಿ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತದೆ, ಹಿಂದೆ ಸರಿದರೆ ಕೋಣೆಯ ಗುಂಜನ ಏರುತ್ತದೆ. ಇವೆರಡರ ಹದ ಸಿಕ್ಕ ಜಾಗವೇ ಸ್ಟ್ಯಾಂಡಿನ ಜಾಗ. ಆಮೇಲೆ ಆ ಜಾಗದಿಂದ ವೃಂದ ಎಷ್ಟು ಅಗಲಕ್ಕೆ ಕಾಣುತ್ತದೆ ಎಂದು ಅಳೆದು, ಅದಕ್ಕೆ ತಕ್ಕ ಅಂತರವನ್ನೂ ಕೋನವನ್ನೂ ಬಾರ್ ಮೇಲೆ ಇಡಿ.

ಅಳೆಯಲು ಕೋನಮಾಪಕ ಬೇಡ, ಟೇಪ್ ಸಾಕು. ಮೈಕ್ ಇರುವ ಎತ್ತರದಿಂದ ಮುಂದಿನ ಸಾಲಿನ ನಡುವಿನವರ ಮುಖದವರೆಗೆ ಓರೆಯಾಗಿ ಅಳೆಯಿರಿ. ನೆಲದ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎತ್ತರವೂ ದೂರಕ್ಕೆ ಸೇರುತ್ತದೆ. ಮೈಕ್ 2.8 ಮೀಟರ್ ಎತ್ತರದಲ್ಲಿದ್ದು ಹಾಡುವವರ ಬಾಯಿ 1.6 ಮೀಟರಿನಲ್ಲಿದ್ದರೆ, ನೆಲದ ಎರಡೂವರೆ ಮೀಟರ್ ನಿಜದಲ್ಲಿ ಸುಮಾರು 2.8 ಮೀಟರ್ ಆಗುತ್ತದೆ. ಈಗ ವೃಂದದ ಅರ್ಧ ಅಗಲವನ್ನು ಆ ದೂರದಿಂದ ಭಾಗಿಸಿ. ಉತ್ತರ 0.85 ಅಥವಾ ಅದಕ್ಕಿಂತ ಕಡಿಮೆ ಬಂದರೆ 30 ಸೆಂ.ಮೀ., 90 ಡಿಗ್ರಿ. ಇದು ಎನ್‌ಓಎಸ್, ಡಚ್ ಪ್ರಸಾರ ಸಂಸ್ಥೆಯ ಹೆಸರಿನ ಜೋಡಣೆ, ಕೋನ ಸುಮಾರು 81. ಅದಕ್ಕಿಂತ ಹೆಚ್ಚು, 1.1ರವರೆಗೆ ಬಂದರೆ ಓಆರ್‌ಟಿಎಫ್. 1.2ರವರೆಗೆ ಹೋದರೆ ಡಿನ್ ಎಂದು ಕರೆಯುವ 20 ಸೆಂ.ಮೀ., 90 ಡಿಗ್ರಿ, ಅದರ ಕೋನ ಸುಮಾರು 101. ನಿಮ್ಮ ವೃಂದಕ್ಕೆ 3 ಭಾಗಿಸು 2.8, ಅಂದರೆ 1.07. ನೀವು ಆರಿಸಿದ ಓಆರ್‌ಟಿಎಫ್ ಹೊಂದುತ್ತಿತ್ತು, ಅಂಚಿನಲ್ಲಿ ಹೆಚ್ಚು ಜಾಗ ಬಿಡದಿದ್ದರೂ. ನನ್ನ ಮಟ್ಟಿಗೆ ಇನ್ನರ್ಧ ಮೀಟರ್ ಹಿಂದೆ ಸರಿಯುವುದೇ ಮೇಲು, ಕೋಣೆ ತೀರಾ ಗುಂಯ್‌ಗುಡದಿದ್ದರೆ.

ವೃಂದ ಅರ್ಧಚಂದ್ರಾಕಾರವಾಗಿ ನಿಂತಿದ್ದರೆ ಎಚ್ಚರ. ತುದಿಯವರು 80 ಸೆಂ.ಮೀ. ಮುಂದೆ ಬಂದು ನಿಂತರೂ ಸಾಕು, ಮೇಲಿನ ಲೆಕ್ಕದ 94 ಡಿಗ್ರಿ 110ಕ್ಕೆ ಏರುತ್ತದೆ. ಆಗ ಓಆರ್‌ಟಿಎಫ್ ಸಾಲದು. ಹಿಂದೆ ಸರಿಯಿರಿ, ಇಲ್ಲವೇ ತುದಿಯವರನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ಕಳಿಸಿ. 17, 20, 30 ಎಂಬ ಈ ಅಂಕಿಗಳೇನೂ ಶಿಲಾಶಾಸನವಲ್ಲ. ಅಂತರ ಕೋನಗಳ ಬೇರೆ ಬೇರೆ ಜೋಡಿಗಳಿಗೆ ರೆಕಾರ್ಡಿಂಗ್ ಕೋನ ಎಷ್ಟು ಬರುತ್ತದೆ ಎಂಬ ವಕ್ರರೇಖೆಗಳನ್ನು ಮೈಕೆಲ್ ವಿಲಿಯಮ್ಸ್ 1984ರಲ್ಲೇ ಮುಂದಿಟ್ಟರು. 25 ಸೆಂ.ಮೀ., 90 ಡಿಗ್ರಿ ಬೇಕಾದರೆ ಅದನ್ನೂ ಇಡಬಹುದು, ಕೋನ ಹೆಚ್ಚುಕಡಿಮೆ 90 ಸಿಗುತ್ತದೆ.

ಈಗ ಬಾರ್. ಸ್ಟ್ಯಾಂಡ್ ಹತ್ತುವ ಮೊದಲೇ ಮೇಜಿನ ಮೇಲೆ ಎಲ್ಲವನ್ನೂ ಹೊಂದಿಸಿ ಮುಗಿಸಿ. ಮೂರು ಮೀಟರ್ ಎತ್ತರದಲ್ಲಿ ಏಣಿಯ ಮೇಲೆ ನಿಂತು ಡಿಗ್ರಿ ಅಳೆಯುವುದು ಆಗದ ಮಾತು. ಮೊದಲು ಕ್ಲಿಪ್ ಅನ್ನು ಮೈಕಿನ ಮೂತಿಯ ಕಡೆಗೆ ಆದಷ್ಟು ಸರಿಸಿ. ಆದರೆ ಮೂತಿಯ ಹಿಂದೆ ಸುತ್ತಲೂ ಇರುವ ಸೀಳುಗಳನ್ನು ಕ್ಲಿಪ್ಪಾಗಲಿ ಟೇಪಾಗಲಿ ಮುಚ್ಚಬಾರದು. ಹಿಂದಿನ ಸದ್ದು ಒಳಬರುವುದು ಆ ಸೀಳುಗಳಿಂದ, ಮೈಕ್ ಕಾರ್ಡಿಯಾಯ್ಡ್ ಆಗಿರುವುದೇ ಅವುಗಳಿಂದ. ಮುಚ್ಚಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೈಕಿನಂತೆ ವರ್ತಿಸತೊಡಗುತ್ತದೆ, ಮೇಲಿನ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಿರುಗುಬಿಂದುವಿನಿಂದ ಮೂತಿಗೆ 5 ಸೆಂ.ಮೀ. ಉಳಿದರೆ, ಓಆರ್‌ಟಿಎಫ್‌ಗೆ ತಿರುಗುಬಿಂದುಗಳ ನಡುವೆ ಬೇಕಾದದ್ದು 8.8 ಸೆಂ.ಮೀ. 6 ಉಳಿದರೆ 7.2, 7 ಉಳಿದರೆ 5.5, 8 ಉಳಿದರೆ ಬರೀ 3.9. ಬಹಳಷ್ಟು ಬಾರ್‌ಗಳಲ್ಲಿ ನಡುವಿನ ಥ್ರೆಡ್ ಇರುವ ದಪ್ಪ ಭಾಗ ಅಡ್ಡ ಬರುವುದರಿಂದ ಐದಾರು ಸೆಂಟಿಮೀಟರಿಗಿಂತ ಹತ್ತಿರ ತರಲಾಗುವುದಿಲ್ಲ. ಕ್ಲಿಪ್ ಮುಂದೆ ಸರಿಸಿ ಅನ್ನುವುದಕ್ಕೆ ಇದೇ ಕಾರಣ. 90 ಡಿಗ್ರಿಯ ಜೋಡಣೆಗಳಿಗೆ 1.64ರ ಬದಲು 1.41ರಿಂದ ಗುಣಿಸಿ. 5 ಸೆಂ.ಮೀ.ಗೆ ಹೆಚ್ಚುವರಿ 7.1, ಆದ್ದರಿಂದ ಎನ್‌ಓಎಸ್‌ಗೆ ತಿರುಗುಬಿಂದುಗಳ ಅಂತರ 22.9, ಡಿನ್‌ಗೆ 12.9. ಲೆಕ್ಕ ಏನೇ ಹೇಳಲಿ, ಕೊನೆಗೆ ಸ್ಕೇಲ್ ಇಟ್ಟು ಮೂತಿಯಿಂದ ಮೂತಿಗೆ ಅಳೆದು ನೋಡಿ. ಮೂತಿಯ ಮಧ್ಯದಿಂದ ಮಧ್ಯಕ್ಕೆ, ಅಂಚಿನಿಂದ ಅಂಚಿಗಲ್ಲ.

ಕೋನಕ್ಕೆ ಒಂದು ಎ4 ಹಾಳೆ ಸಾಕು. ಅಡ್ಡಲಾಗಿ ಇಟ್ಟು, ಕೆಳ ಅಂಚಿನ ಮಧ್ಯದಲ್ಲಿ ಚುಕ್ಕೆ ಇಡಿ. ಅಲ್ಲಿಂದ 10 ಸೆಂ.ಮೀ. ಮೇಲೆ, ಎಡಕ್ಕೂ ಬಲಕ್ಕೂ 14.3 ಸೆಂ.ಮೀ. ದೂರದಲ್ಲಿ ಒಂದೊಂದು ಚುಕ್ಕೆ. ಕೆಳಗಿನ ಚುಕ್ಕೆಯಿಂದ ಅವೆರಡಕ್ಕೆ ಗೆರೆ ಎಳೆದರೆ ನಡುವಿನ ಕೋನ 110. ಹಾಳೆಯ ಕೆಳ ಅಂಚು ಬಾರ್‌ಗೆ ಸಮಾನಾಂತರವಾಗಿರಲಿ, ಚುಕ್ಕೆಯನ್ನು ಒಂದೊಂದೇ ತಿರುಗುಬಿಂದುವಿನ ಅಡಿಗೆ ತಂದು ಮೈಕನ್ನು ಆಯಾ ಗೆರೆಯ ಮೇಲೆ ಕೂರಿಸಿ. 90 ಡಿಗ್ರಿಗೆ 10 ಮೇಲೆ, 10 ಪಕ್ಕಕ್ಕೆ. ಫೋನಿನ ದಿಕ್ಸೂಚಿ ನಂಬಬೇಡಿ, ಕಬ್ಬಿಣದ ಬಾರ್ ಪಕ್ಕದಲ್ಲಿ ಅದು ಬಾಯಿಗೆ ಬಂದದ್ದು ಹೇಳುತ್ತದೆ.

ಕ್ಲಿಪ್ ಮುಂದೆ ಸರಿಸಿದಾಗ ಹೊಸ ತಕರಾರು ಒಂದು ಏಳುತ್ತದೆ: ಮೈಕ್‌ಗಳ ಬಾಲಗಳು ಒಳಕ್ಕೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಎಕ್ಸ್‌ಎಲ್‌ಆರ್ ಕನೆಕ್ಟರಿನ ಉದ್ದವೂ ಅದಕ್ಕೆ ಸೇರುತ್ತದೆ. ಆಗ ಒಂದು ಕ್ಲಿಪ್ಪಿನ ಕೆಳಗೆ ಮೂರು ಸೆಂಟಿಮೀಟರಿನಷ್ಟು ಸ್ಪೇಸರ್ ಹಾಕಿ ಒಂದು ಮೈಕನ್ನು ಎತ್ತಿ, ಬಾಲಗಳು ಒಂದರ ಮೇಲೊಂದು ಹಾಯಲಿ. ಈ ಎತ್ತರದ ವ್ಯತ್ಯಾಸ ಕಿವಿಗೆ ಕೇಳಿಸುವುದಿಲ್ಲ. ಮೂತಿಗಳು ಬಾರ್‌ನಿಂದ ಒಂದೇ ದೂರ ಮುಂದೆ ಚಾಚಿವೆಯೇ ಎಂದು ಮಾತ್ರ ನೋಡಿಕೊಳ್ಳಿ.

ನಿಮ್ಮ ಪತ್ರದಲ್ಲಿ "ಎರಡನ್ನೂ ಕೆಳಗೆ ಬಗ್ಗಿಸಿದ್ದೆ" ಎಂಬ ಮಾತಿದೆ. ಬಹಳ ಜನ ಎಡವುವುದು ಅಲ್ಲೇ. ಪಕ್ಕಕ್ಕೆ 55 ಡಿಗ್ರಿ ತಿರುಗಿಸಿದ ಮೈಕ್‌ಗಳನ್ನು ಅವವುಗಳ ಕ್ಲಿಪ್ಪಿನಲ್ಲೇ 30 ಡಿಗ್ರಿ ಕೆಳಗೆ ಬಗ್ಗಿಸಿದರೆ, ಅವುಗಳ ನಡುವಿನ ನಿಜವಾದ ಕೋನ 110 ಆಗಿ ಉಳಿಯುವುದಿಲ್ಲ, 90ಕ್ಕೆ ಕುಗ್ಗುತ್ತದೆ. ಜೊತೆಗೆ ಎರಡೂ ಮೂತಿಗಳು ವೃಂದದ ನಡುವನ್ನು ಬಿಟ್ಟು ಪಕ್ಕದ ನೆಲ ನೋಡುತ್ತವೆ. ಬಗ್ಗಿಸುವುದಿದ್ದರೆ ಇಡೀ ಬಾರ್ ಬಗ್ಗಬೇಕು. ಸ್ಟ್ಯಾಂಡಿನ ತುದಿಗೂ ಬಾರ್‌ಗೂ ನಡುವೆ ಒಂದು ಸ್ವಿವೆಲ್ (ಬಾಗಿಸಬಹುದಾದ ಕೀಲು) ಜೋಡಿಸಿ, ಮೈಕ್‌ಗಳು ಬಾರ್‌ನ ಸಮತಲದಲ್ಲೇ ಇರಲಿ, ಬಾರ್ ಅನ್ನು 20ರಿಂದ 30 ಡಿಗ್ರಿ ಮುಂದಕ್ಕೆ ಬಾಗಿಸಿ.

ಬೂಮ್ ಸ್ಟ್ಯಾಂಡಿನ ತೊಡಕೂ ಇದರ ನೆಂಟನೇ. ಬೂಮ್ ತುದಿಯ ಥ್ರೆಡ್ ಬೂಮ್ ಚಾಚಿದ ದಿಕ್ಕಿಗೇ ಇರುತ್ತದೆ. ಬೂಮ್ ಅಡ್ಡಲಾಗಿ ವೃಂದದತ್ತ ಚಾಚಿದ್ದರೆ ಕ್ಲಿಪ್‌ಗಳ ತಿರುಗುವ ಅಕ್ಷವೂ ವೃಂದದತ್ತ ಮುಖ ಮಾಡುತ್ತದೆ. ಆಗ ಕ್ಲಿಪ್ ತಿರುಗಿಸಿದರೆ ಕೋನ ಬದಲಾಗದೆ ಏನೇನೋ ಆಗುತ್ತದೆ, ಅಳತೆ ಹಿಡಿಯುವುದೇ ಕಷ್ಟ. ಸ್ಟೀರಿಯೋ ಬಾರ್‌ಗೆ ನೆಟ್ಟಗಿನ ಸ್ಟ್ಯಾಂಡೇ ಸರಿ. ಬೂಮ್ ಇರುವುದೊಂದೇ ಆದರೆ ಅದನ್ನು ನೇರ ಮೇಲಕ್ಕೆ ನಿಲ್ಲಿಸಿ, ನೆಟ್ಟಗಿನ ಸ್ಟ್ಯಾಂಡಿನಂತೆ ಬಳಸಿ. ಹಾಗೆ ಮಾಡಿದರೆ ಭಾರವೂ ಕಾಲುಗಳ ನಡುವೆ ನೇರ ಇಳಿಯುತ್ತದೆ. ಎರಡು ಮೈಕ್, ಕ್ಲಿಪ್, ಬಾರ್, ತೂಗುವ ಕೇಬಲ್ ಎಲ್ಲ ಸೇರಿ ತುದಿಯಲ್ಲಿ ಸುಲಭವಾಗಿ ಒಂದು ಕಿಲೋ ದಾಟುತ್ತದೆ. ಕಾಲುಗಳನ್ನು ಪೂರ್ತಿ ಅಗಲಿಸಿ, ಐದಾರು ಕಿಲೋ ಮರಳಿನ ಚೀಲ ಹಾಕಿ. ಜನ ಓಡಾಡುವ ಜಾಗದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಬಾರ್ ತಿರುಗಿದ್ದಕ್ಕೆ ಕಾರಣ ಕೇಬಲ್. ಬಾರ್ ಸ್ಟ್ಯಾಂಡಿನ ಮೇಲೆ ಬರೀ ಥ್ರೆಡ್ಡಿನಲ್ಲಿ ಕೂತಿರುತ್ತದೆ. ಎರಡೂ ಕೇಬಲ್‌ಗಳು ಒಂದೇ ಬದಿಯಿಂದ ಜೋತುಬಿದ್ದು ಎಳೆದರೆ, ಅದರಲ್ಲೂ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎಳೆದರೆ, ಥ್ರೆಡ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೇಬಲ್‌ಗಳನ್ನು ಮೈಕಿನ ಹಿಂದೆ ಸಡಿಲ ಕುಣಿಕೆ ಬಿಟ್ಟು ಬಾರ್‌ನ ನಡುವಿಗೆ ತನ್ನಿ, ಅಲ್ಲಿ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿಕೊಂಡೇ ಇಳಿಸಿ. ಕುಣಿಕೆ ಬಿಗಿಯಾದರೆ ನೆಲದ ಮೇಲಿನ ಪ್ರತಿ ಹೆಜ್ಜೆಯೂ ಕೇಬಲ್ ಹತ್ತಿ ಮೈಕಿಗೆ ಮುಟ್ಟುತ್ತದೆ. ಬಾರ್‌ನ ಕೆಳಗೆ ಲಾಕ್ ರಿಂಗ್ ಹಾಕುವುದು ಇನ್ನೂ ಗಟ್ಟಿ ಉಪಾಯ: ಮೊದಲು ರಿಂಗನ್ನು ಥ್ರೆಡ್ಡಿನಲ್ಲಿ ಕೆಳಗೆ ಇಳಿಸಿ, ಬಾರ್ ತಿರುಗಿಸಿ ದಿಕ್ಕಿಗೆ ನಿಲ್ಲಿಸಿ, ಆಮೇಲೆ ರಿಂಗನ್ನು ಮೇಲಕ್ಕೆ ತಿರುಗಿಸಿ ಬಾರ್‌ಗೆ ಒತ್ತಿ ಬಿಗಿಯಿರಿ.

ಥ್ರೆಡ್ ವಿಷಯ ಬಂತು. ಮೈಕ್ ಸ್ಟ್ಯಾಂಡ್‌ಗಳಲ್ಲಿ ಎರಡು ಅಳತೆಗಳಿವೆ: 3/8 ಇಂಚು, ಅಂಗುಲಕ್ಕೆ 16 ಸುತ್ತು, 5/8 ಇಂಚು, ಅಂಗುಲಕ್ಕೆ 27 ಸುತ್ತು. ನಡುವೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಬರುತ್ತದೆ. ಅದು ಅರ್ಧ ಬಿಗಿದಿದ್ದರೆ ಎಷ್ಟೇ ಒಳ್ಳೆಯ ಬಾರ್ ಆದರೂ ಅಲುಗಾಡುತ್ತದೆ. ನಾಣ್ಯವನ್ನು ಅದರ ಸೀಳಿಗಿಟ್ಟು ಪೂರ್ತಿ ಕೂರಿಸಿ. ಸುಮ್ಮನೆ ತಿರುಗದ ಥ್ರೆಡ್ಡನ್ನು ಒತ್ತಾಯದಿಂದ ತಿರುಗಿಸಬೇಡಿ, ಅಳತೆ ಬೇರೆ ಎಂದೇ ಅರ್ಥ.

ಹಾಡುವವರು ಬರುವ ಮೊದಲು ಮೂರು ಪರೀಕ್ಷೆ. ಒಂದು, ಗೇನ್, ಅಂದರೆ ಮೈಕಿನ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸುತ್ತೇವೆ ಎಂಬುದು. ಎರಡು ಮೈಕ್‌ಗಳನ್ನೂ ಒಂದಕ್ಕೊಂದು ತಾಗಿಸಿ ಒಂದೇ ದಿಕ್ಕಿಗೆ ಇಟ್ಟು, ಒಂದು ಮೀಟರ್ ದೂರದಿಂದ ಒಂದೇ ಸಮನೆ ಸದ್ದು ಕೊಡಿ. ಒಂದು ಚಾನೆಲ್ಲಿನ ಪೊಲಾರಿಟಿ (ಸಿಗ್ನಲ್ಲಿನ ಧನ-ಋಣ ದಿಕ್ಕು) ತಿರುವಿ, ಎರಡನ್ನೂ ಮೊನೊಗೆ, ಅಂದರೆ ಒಂದೇ ಚಾನೆಲ್ಲಿಗೆ ಕೂಡಿಸಿ, ಸದ್ದು ಅತಿ ಕಡಿಮೆಯಾಗುವವರೆಗೆ ಒಂದರ ಗೇನ್ ಹೊಂದಿಸಿ. ಮೀಟರ್ ನೋಡಿ ಸರಿಮಾಡುವುದಕ್ಕಿಂತ ಇದು ಎಷ್ಟೋ ಕರಾರುವಾಕ್ಕು. ಮೈಕಿನ ಮೇಲೆ ಪ್ಯಾಡ್ (ಮಟ್ಟ ತಗ್ಗಿಸುವ), ಲೋ ಕಟ್ (ತಗ್ಗು ಆವರ್ತನ ಕತ್ತರಿಸುವ) ಸ್ವಿಚ್‌ಗಳಿದ್ದರೆ ಎರಡರಲ್ಲೂ ಒಂದೇ ಸ್ಥಾನದಲ್ಲಿರಲಿ. ಮುಗಿದ ಮೇಲೆ ಪೊಲಾರಿಟಿ ಮತ್ತೆ ಮೊದಲಿನಂತೆ ಮಾಡುವುದನ್ನು ಮರೆಯಬೇಡಿ. ಎರಡು, ನಡುಗೆರೆಯಲ್ಲಿ ನಿಂತು ಮಾತಾಡಿ ಮೊನೊದಲ್ಲಿ ಕೇಳಿ. ದನಿ ಬಹುತೇಕ ಮಾಯವಾದರೆ ಯಾವುದೋ ಕೇಬಲ್ಲಿನಲ್ಲಿ ತಂತಿ ಅದಲುಬದಲಾಗಿದೆ. ಮೂರು, ಬಾರ್ ಹಿಂದೆ ನಿಂತು ವೃಂದದ ಕಡೆ ನೋಡುವಾಗ ನಿಮ್ಮ ಎಡಕ್ಕೆ ಬರುವ ತುದಿಯಲ್ಲಿ ಯಾರಾದರೂ ಚಪ್ಪಾಳೆ ತಟ್ಟಲಿ. ಹೆಡ್‌ಫೋನಿನ ಎಡಗಡೆ ಕೇಳಬೇಕು. ಎರಡೂ ತುದಿ, ನಡು, ಕಾಲು ಭಾಗ, ಮುಕ್ಕಾಲು ಭಾಗ, ಹೀಗೆ ಐದು ಕಡೆ ತಟ್ಟಿಸಿ ರೆಕಾರ್ಡ್ ಮಾಡಿಕೊಂಡು ಕೇಳಿದರೆ ರೆಕಾರ್ಡಿಂಗ್ ಕೋನ ಸಾಕೋ ಸಾಲದೋ ಆಗಲೇ ಗೊತ್ತಾಗುತ್ತದೆ. ತುದಿಯ ಚಪ್ಪಾಳೆಯೂ ಕಾಲು ಭಾಗದ ಚಪ್ಪಾಳೆಯೂ ಒಂದೇ ಕಡೆ ಕೇಳಿದರೆ ಅಂತರ ಕಡಿಮೆ ಮಾಡಿ.

ಫೋನಿನಲ್ಲಿ ತೆಳುವಾಗುವುದಕ್ಕೆ ಮೊದಲ ಅನುಮಾನ ಪೊಲಾರಿಟಿ, ಅದನ್ನು ಮೇಲಿನ ಪರೀಕ್ಷೆಯೇ ಹೇಳುತ್ತದೆ. ಅದು ಸರಿಯಿದ್ದರೆ ಅಂತರವೇ ಕಾರಣ. ತುದಿಯಲ್ಲಿ ನಿಂತವರ ದನಿ ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ಮುಟ್ಟುತ್ತದೆ. ಒಂದೇ ಸ್ಪೀಕರಿನ ಫೋನ್ ಮಾಡುವಂತೆ ಎರಡನ್ನೂ ಮೊನೊಗೆ ಕೂಡಿಸಿದಾಗ ಕೆಲವು ಆವರ್ತನಗಳು ಒಂದನ್ನೊಂದು ತಿನ್ನುತ್ತವೆ. 28.5 ಸೆಂ.ಮೀ. ಅಂತರದಲ್ಲಿ ತುದಿಯವರ ದನಿಗೆ ತಡ 0.6 ಮಿಲಿಸೆಕೆಂಡ್, ಮೊದಲ ತಗ್ಗು 820 ಹರ್ಟ್ಸ್ ಸುಮಾರಿಗೆ, ಅಂದರೆ ದನಿಯ ಮೈಯಿರುವ ಜಾಗದಲ್ಲೇ. 17 ಸೆಂ.ಮೀ.ಗೆ ಅದು 1,400ರ ಹತ್ತಿರಕ್ಕೆ ಏರುತ್ತದೆ, ಕಿವಿಗೆ ಅಷ್ಟು ಚುಚ್ಚುವುದಿಲ್ಲ. ನಡುವಿನವರಿಗೆ ತಡವೇ ಇಲ್ಲ, ಆದ್ದರಿಂದ ಅವರಿಗೇನೂ ಆಗುವುದಿಲ್ಲ.

ಕೇಳುವವರೆಲ್ಲ ಫೋನಿನಲ್ಲೇ ಕೇಳುವವರಾದರೆ ಎಕ್ಸ್‌ವೈ ಬಳಸಿ: ಒಂದು ಮೂತಿಯ ನೇರ ಮೇಲೆ ಇನ್ನೊಂದು ಮೂತಿ, ನಡುವಿನ ಕೋನ 90. ತಡ ಇಲ್ಲ, ಮೊನೊ ಶುದ್ಧ. ತಿರುಗುಬಿಂದುಗಳ ಅಂತರ ಮೂತಿಯ ದೂರದ 1.41 ಪಟ್ಟು, ಮೈಕ್‌ಗಳು ಒಳಮುಖವಾಗಿ ಹಾಯುತ್ತವೆ. ಬಾರ್‌ನ ಬಲಗಡೆ ಕೂತ ಮೈಕ್ ಎಡಕ್ಕೆ ನೋಡುತ್ತದೆ, ಆದ್ದರಿಂದ ಅದೇ ಎಡ ಚಾನೆಲ್. ಇದನ್ನು ಅದಲುಬದಲು ಮಾಡದವರು ಕಡಿಮೆ. ಬೆಲೆಯೂ ತೆರಬೇಕು: 90 ಡಿಗ್ರಿ ಎಕ್ಸ್‌ವೈಯ ರೆಕಾರ್ಡಿಂಗ್ ಕೋನ ಸುಮಾರು 180, ನಿಮ್ಮ ವೃಂದ ಅದರಲ್ಲಿ ಅರ್ಧ ಜಾಗದಲ್ಲಿ ಮುದುಡಿಕೊಳ್ಳುತ್ತದೆ. 120ಕ್ಕೆ ಅಗಲಿಸಿದರೆ ಹರವು ಸಿಗುತ್ತದೆ, ಆದರೆ ನಡುವಿನವರು ಎರಡೂ ಮೈಕ್‌ಗಳಿಗೆ 60 ಡಿಗ್ರಿ ಓರೆಯಾಗಿ, 2.5 ಡೆಸಿಬಲ್ ಕಡಿಮೆಯಾಗಿ ಕೇಳುತ್ತಾರೆ. ಅಗ್ಗದ ಮೈಕ್‌ಗಳಲ್ಲಿ ಆ ಓರೆಯಲ್ಲಿ ದನಿಯ ಬಣ್ಣವೂ ಮಂಕಾಗುತ್ತದೆ. ವೃಂದಗಾನಕ್ಕೆ ನನ್ನ ಆಯ್ಕೆ ಆಗಲೂ ಓಆರ್‌ಟಿಎಫ್ಫೇ. ಓಮ್ನಿ (ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ) ಮೈಕ್‌ಗಳ ಜೋಡಿಯನ್ನು 40ರಿಂದ 60 ಸೆಂ.ಮೀ. ದೂರ ಇಡುವ ವಿಧಾನ ನಿಮ್ಮ 30 ಸೆಂ.ಮೀ. ಬಾರ್‌ಗೆ ಆಗದು, ನಿಮ್ಮ ಕಾರ್ಡಿಯಾಯ್ಡ್‌ಗಳಿಗೂ ಹೊಂದದು.

ಈಗಾಗಲೇ ಆದ ರೆಕಾರ್ಡಿಂಗಿಗೆ ಪೂರ್ತಿ ಮದ್ದಿಲ್ಲ, ಸುಧಾರಿಸಬಹುದು. ಎರಡೂ ಚಾನೆಲ್‌ಗಳ ಪ್ಯಾನನ್ನು (ಎಡ ಬಲ ಸ್ಥಾನದ ಹೊಂದಿಕೆಯನ್ನು) ತುದಿಯಿಂದ ಒಳಕ್ಕೆ, 75ರಿಂದ 80 ಪ್ರತಿಶತಕ್ಕೆ ತನ್ನಿ. ರಾಶಿ ಬಿದ್ದವರು ಸ್ಪೀಕರ್ ಬಿಟ್ಟು ಕೊಂಚ ಒಳಗೆ ಬರುತ್ತಾರೆ, ನಡುವಿನ ಖಾಲಿ ಅಷ್ಟಿಷ್ಟು ತುಂಬುತ್ತದೆ. ಇನ್ನೂ ಒಳಕ್ಕೆ ತಂದರೆ ಮೊನೊದ ತೆಳುತನ ಸ್ಟೀರಿಯೋಗೂ ಅಂಟಿಕೊಳ್ಳುತ್ತದೆ, ಅಲ್ಲಿಗೆ ನಿಲ್ಲಿಸಿ. ಬಾರ್ ತಿರುಗಿದ್ದರಿಂದ ಚಿತ್ರ ಒಂದು ಬದಿಗೆ ವಾಲಿದ್ದರೆ, ವಾಲಿದ ಕಡೆಯನ್ನು ಒಂದೆರಡು ಡೆಸಿಬಲ್ ಇಳಿಸಿ. ಹಾಡಿನ ನಡುವೆ ನಿಧಾನವಾಗಿ ತಿರುಗಿದ್ದರೆ ಇಳಿಕೆಯನ್ನೂ ಹಾಗೇ ನಿಧಾನವಾಗಿ ಏರಿಸುತ್ತಾ ಹೋಗಬೇಕು. ಪೊಲಾರಿಟಿ ತಿರುವಿದ್ದರೆ ಮಾತ್ರ ಅದೃಷ್ಟ, ಒಂದು ಚಾನೆಲ್ಲನ್ನು ಮಗುಚಿದರೆ ಅದು ಪೂರ್ತಿ ಸರಿಹೋಗುತ್ತದೆ.